ಭಾವ ಕಂಪ್ಯೂಟರಿಗೆ ನೀರು ಬಿಟ್ಟದ್ದು

ನಮ್ಮ ಭಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳುವವರು ನಮ್ಮೂರು ಬೀಜಾಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ! ಕಂಪ್ಯೂಟರಿನೊಳಗೆ ನೀರು ಹರಿಸಲು ಹೊರಟವರನ್ನು ಮತ್ತೇನೆನ್ನಬೇಕು?

ಬದುಕಿಡೀ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡಿದ ಜೀವ. ಈಗ ಚಾವಡಿಯಲ್ಲಿ ಕೂತು ನೆಂಟರಿಷ್ಟರ ಮದುವೆ ವಿಡಿಯೋ ಎಡಿಟ್ ಮಾಡುತ್ತಾರೆ. ಆಗ ಕಂಪ್ಯೂಟರ್ ಬಿಸಿಯಾಗಿ ಒಳಗಿನ ಫ್ಯಾನು ಗುಂಯ್ಯೆಂದು ಬೊಬ್ಬೆ ಹಾಕುತ್ತದೆ. ಆ ಸದ್ದು ಅಕ್ಕನ ಕಿವಿಯ ಮೆಷಿನ್ನಿನಲ್ಲಿ ನಾಲ್ಕು ಪಟ್ಟಾಗಿ ಕೇಳಿಸುತ್ತದಂತೆ. ಅವಳು ಮೆಷಿನ್ ಕಳಚಿ ಸೆರಗಿಗೆ ಗಂಟು ಹಾಕಿಕೊಂಡರೆ ಮುಗಿಯಿತು. ಭಾವ ಕರೆದರೂ ಇಲ್ಲ, ಕುಕ್ಕರ್ ಕೂಗಿದರೂ ಇಲ್ಲ!

“ಕಂಪ್ಯೂಟರನ್ನ ಒಳಗಿನ್ ಕೋಣಿಗ್ ಹಾಕಿ, ಭಾವ” ಎಂದೆ.

“ಆ ಕೋಣಿಗ್ ಅವ್ಳ್ ಬಪ್ಪುದಿಲ್ಲೆ. ಫ್ಯಾನೇ ಬ್ಯಾಡ ಮಾರಾಯ, ನೀರ್ ಬಿಟ್ಟೇ ತಣ್ಸುದ್. ಕಾಣ್ ನೀ!”

ಬೋಟಿನ ಎಂಜಿನ್ನಿಗೆ ಸಮುದ್ರದ ನೀರು ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಭಾವನ ಮೊದಲ ಏರ್ಪಾಡೂ ಹಾಗೇ: ಮನೆಯ ಟ್ಯಾಂಕಿನಿಂದ ಕಂಪ್ಯೂಟರಿನ ಬಿಸಿ ಹೀರುವ ತಾಮ್ರದ ಬಿಲ್ಲೆಗೆ, ಅಲ್ಲಿಂದ ತೆಂಗಿನ ಬುಡಕ್ಕೆ! ಮದುವೆ ವಿಡಿಯೋದಲ್ಲಿ ಧಾರೆ ಮುಗಿಯುವ ಮೊದಲೇ ಟ್ಯಾಂಕು ಖಾಲಿ. ತಲೆಗೆ ಸೋಪು ಹಾಕಿಕೊಂಡಿದ್ದ ಅಕ್ಕ ಬಚ್ಚಲಿನಿಂದ ಕೂಗಿದಳು, “ಹ್ವಾಯ್! ನೀರ್ ಎಲ್ಲಿಗ್ ಹೋಯ್ತ್?”

“ತೆಂಗಿನ್ ಮರ ಮಿಂದಾಯ್ತ್, ನೀ ನಾಳೆ ಮೀಯ್!”

ಬಚ್ಚಲಲ್ಲಿ ಅವಳ ಕಿವಿಗೆ ಮೆಷಿನ್ ಇರಲಿಲ್ಲ. ಭಾವನ ಪುಣ್ಯ!

ಸಮುದ್ರ ಮುಗಿಯುವುದಿಲ್ಲ, ಟ್ಯಾಂಕು ಮುಗಿಯುತ್ತದೆ ಎಂದು ಅಂದು ಅವರಿಗೆ ಗೊತ್ತಾಯಿತು. ಆಮೇಲೆ ಸದ್ದಿಲ್ಲದ ಪುಟ್ಟ ಪಂಪೊಂದನ್ನಿಟ್ಟು ಅದೇ ನೀರನ್ನು ಸುತ್ತು ಹೊಡೆಸಿದರು. ಬಾಲ್ದಿಯಲ್ಲಿ ಸುತ್ತಿದ ನೀರು ತಾಸಿನೊಳಗೆ ಬಿಸಿ. ಬಿಟ್ಟಾರೆಯೆ? ಕುಂದಾಪುರದ ಗುಜರಿಯಿಂದ ಹಳೇ ಕಾರಿನ ರೇಡಿಯೇಟರ್ ತಂದು ಕಿಟಕಿಯ ಹೊರಗೆ ತೂಗುಹಾಕಿದರು. “ಗಾಳಿ ಬೀಸುದ್ ಸಮುದ್ರದ್ ಕೆಲ್ಸ!”

ಕಂಪ್ಯೂಟರ್ ಹಾಕುವ ಮೊದಲು ಬರೀ ನೀರು ಸುತ್ತಿಸಿ, ಸೋರುತ್ತದೋ ಎಂದು ನೋಡಲು ಪೈಪಿನ ಕೆಳಗೆ ಪೇಪರ್ ಹಾಸಿದರು. ಪೇಪರ್ ಒದ್ದೆ! ಪೈಪಿನ ಜೋಡಣೆಯನ್ನೆಲ್ಲ ಬಿಚ್ಚಿ ಕಟ್ಟಿದರು. ಮರುದಿನವೂ ಒದ್ದೆ! ಮೂರನೇ ದಿನ ನಾನೇ ಪಕ್ಕದಲ್ಲಿ ಕಾದು ಕೂತೆ. ಮಿಂದು ಬಂದ ಭಾವ ಬಗ್ಗಿ ಬಗ್ಗಿ ನೋಡುವಾಗಲೆಲ್ಲ ತೊಟ್ಟಿಕ್ಕುತ್ತಿದ್ದದ್ದು ಮೈ ಒರೆಸಿ ಹೆಗಲಿಗೆ ಹಾಕಿಕೊಂಡಿದ್ದ ಅವರ ಬೈರಾಸು!

ಕಳೆದ ಭಾನುವಾರ ಊಟವಾದ ಮೇಲೆ ಭಾವ ವಿಡಿಯೋ ಎಡಿಟ್ ಮಾಡುತ್ತಿದ್ದರು. ಗೋಡೆಯ ಗಡಿಯಾರದ ಸದ್ದು ಬಿಟ್ಟರೆ ಚಾವಡಿಯಲ್ಲಿ ಬೇರೆ ಸದ್ದಿಲ್ಲ. ಅಕ್ಕ ಬಂದು ಕೂತಳು. ಅನುಮಾನದಿಂದಲೇ ಸೆರಗಿನ ಗಂಟು ಬಿಚ್ಚಿ ಮೆಷಿನ್ ಕಿವಿಗಿಟ್ಟಳು.

“ಹ್ವಾಯ್, ಕರೆಂಟ್ ಇಲ್ಯಾ?”

“ಇತ್ತ್. ಫ್ಯಾನ್ ಇಲ್ಲೆ.”

ಎರಡು ತಿಂಗಳು ಪೈಪಿನೊಡನೆ ಗುದ್ದಾಡಿದವರು ಈಗ ಏನೋ ದೊಡ್ಡ ಮಾತು ಆಡುತ್ತಾರೆಂದು ನಾನು ಕಾದೆ. ಭಾವ ಪಿಸುದನಿಯಲ್ಲಿ ಕೇಳಿದರು, “ಊಟ ಆಯ್ತಾ?”

“ಒಟ್ಟಿಗೇ ಉಂಡದ್ದಲ್ದಾ!” ಅಕ್ಕ ನಕ್ಕಳು.

ಪಿಸುಮಾತು ಅವಳಿಗೆ ಕೇಳಿಸಿತ್ತು! ಭಾವ ಬೈರಾಸಿನಿಂದ ಮುಖ ಒರೆಸಿಕೊಂಡರು. ನನಗೂ ಕಣ್ಣು ತುಂಬಿತು. ಅವರು ಇನ್ನೂ ಮೆಲ್ಲಗೆ ಕೇಳಿದರು, “ಚಾ ಕುಡಿವನಾ?”