ನಮ್ಮ ಕಾಕಾನ ಖಡಿ ಕಾಲುವೆ

ನನ್ನನ್ನು ನೋಡಲು ಬಂದ ವರನ ಕಡೆಯವರಲ್ಲಿ ಒಬ್ಬರು ನನ್ನನ್ನು ನೋಡಲೇ ಇಲ್ಲ. ಅವರು ನೋಡಿದ್ದು ನಮ್ಮ ಬಚ್ಚಲನ್ನು!

ಸುಳ್ಳಲ್ಲ ಮಾರಾಯರೇ. ಶಹಾಬಾದಿನ ನಮ್ಮ ತವರುಮನೆಯ ಪಡಸಾಲೆಯಲ್ಲಿ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಎಲ್ಲರೂ ಅವಲಕ್ಕಿ ಮೆಲ್ಲುತ್ತಿದ್ದರು. ವರನ ಕಾಕಾ ಮಾತ್ರ ನಾಪತ್ತೆ. ನಮ್ಮಪ್ಪ ಗಾಬರಿಬಿದ್ದು ಹುಡುಕಿದರೆ, ಆ ಮಹಾನುಭಾವರು ಹಿತ್ತಲಲ್ಲಿ ಧೋತರ ಮೇಲೆತ್ತಿ ಕಟ್ಟಿಕೊಂಡು, ಬಚ್ಚಲ ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಂಬಿಗೆಯಿಂದ ನೀರು ಸುರಿದು ಅದು ಎತ್ತ ಹೋಗುತ್ತದೆ ಎಂದು ನೋಡುತ್ತಿದ್ದರು.

"ಯಾಕ್ರಿ, ಏನರೆ ಬೇಕಾಗಿತ್ತೇನ್ರಿ?" ಎಂದರು ನಮ್ಮಪ್ಪ.

"ಏನೂ ಇಲ್ರಿ. ನಿಮ್ಮ ಮನಿ ನೀರು ಭಾಳ ಶಾಣ್ಯಾ ಅದ. ಎಲ್ಲೂ ನಿಂದರದ ಸೀದಾ ಹೋಗ್ತದ. ಹುಡುಗಿ ನಮಗ ಪಸಂದ್!"

ಹೀಗೆ ನನ್ನ ಮದುವೆ ಗೊತ್ತಾಯಿತು. ರೂಪ ನೋಡಿ ಮದುವೆಯಾದವರುಂಟು, ಕುಲ ನೋಡಿ ಆದವರುಂಟು. ಬಚ್ಚಲಿನ ಇಳಿಜಾರು ನೋಡಿ ತಂದ ಸೊಸೆ ನಿಜಾಮರ ರಾಜ್ಯದಲ್ಲೆಲ್ಲ ನಾನೊಬ್ಬಳೇ ಇರಬೇಕು! ಅಂದಿನಿಂದ ನನ್ನ ಗಂಡನ ಕಾಕಾ ನನಗೂ ಕಾಕಾ ಆದರು.

ಕಾಕಾ ಚಿತ್ತಾಪುರದ ಉರ್ದು ಶಾಲೆಯಲ್ಲಿ ಜುಗ್ರಾಫಿಯಾ, ಅಂದರೆ ಭೂಗೋಳದ ಮಾಸ್ತರರು. ಹುಡುಗರಿಗೆ ದೂರದ ದೇಶಗಳ ನದಿಗಳನ್ನೆಲ್ಲ ಬಾಯಿಪಾಠ ಮಾಡಿಸಿ ಸಂಜೆ ಮನೆಗೆ ಬಂದರೆ, ಅವರಿಗಿದ್ದ ಚಿಂತೆ ಒಂದೇ: ನಮ್ಮ ಹಿಂದಿನ ಗೋಡೆಯ ಬುಡಕ್ಕೆ ಬರುವ ನೀರು ಎಲ್ಲಿಂದ ಬರುತ್ತದೆ? ಸಂಧ್ಯಾವಂದನೆಗೆ ಕುಳಿತಾಗಲೂ ಆಚಮನಕ್ಕೆ ಹೋಗುವ ನೀರಿಗಿಂತ ನೆಲಕ್ಕೆ ಹೋಗುವ ನೀರೇ ಹೆಚ್ಚು. ಒಂದು ಉದ್ಧರಣೆ ನೀರನ್ನು ಹಾಸುಗಲ್ಲಿನ ಫರಸಿಯ ಮೇಲೆ ಬಿಡುವುದು, ಅದು ಹರಿದತ್ತ ಕತ್ತು ಚಾಚುವುದು. ದೇವರು ಕಾಯುತ್ತಾ ಕೂತಿರಬೇಕು ಪಾಪ!

ನಮ್ಮ ಮನೆ ಕರಿ ಮಣ್ಣಿನ ಮೇಲೆ ನಿಂತಿತ್ತು. ಕರಿ ಮಣ್ಣಿನ ಗುಣ ನಿಮಗೆ ಗೊತ್ತಲ್ಲ? ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಕುಡಿದದ್ದನ್ನು ಬಿಟ್ಟುಕೊಡುವುದಿಲ್ಲ. ಹಿತ್ತಲು ಎತ್ತರ, ಮನೆ ತಗ್ಗು. ಮೃಗಶಿರಾ ಮಳೆ ಬಿತ್ತೆಂದರೆ ಹಿಂದಿನ ಕೋಣೆಯ ಫರಸಿ ಸಂದಿನಿಂದ ನೀರು ಒಸರುವುದು, ಗೋಡೆ ಮೊಣಕಾಲೆತ್ತರ ಕಪ್ಪಾಗುವುದು. ಆ ಕೋಣೆಯಲ್ಲೇ ಮಲಗುವವರು ಕಾಕಾನ ಹೆಂಡತಿ, ನಮ್ಮ ಕಾಕಿ.

ಕಾಕಿಗೆ ದಮ್ಮು ಇತ್ತು. ನೆಲ ತೇವವಾಯಿತೆಂದರೆ ಅವರ ಎದೆಯೊಳಗೆ ಯಾರೋ ಪೀಪಿ ಊದಲು ಶುರುಮಾಡುತ್ತಿದ್ದರು. ಕೂತರೂ ಪೀಪಿ, ಮಲಗಿದರೂ ಪೀಪಿ. ಹಕೀಮರು ನಾಡಿ ಹಿಡಿದು ನೋಡಿ, ಮನೆ ಒಣಗಿಸಿ, ಇಲ್ಲವೆ ಮಳೆಗಾಲದಲ್ಲಿ ಇವರನ್ನು ಇಲ್ಲಿಡಬೇಡಿ ಎಂದು ಹೇಳಿಬಿಟ್ಟಿದ್ದರು. ಕಾಕಿಯ ತವರು ಚಿಂಚೋಳಿ ಕಡೆ. ಅಲ್ಲಿ ಕೆಂಪು ಮಣ್ಣು. ಎಷ್ಟು ಮಳೆ ಸುರಿದರೂ ಗಳಿಗೆಯಲ್ಲಿ ಇಂಗಿ ಹೋಗುತ್ತದೆ. ಊರಿನ ಹೆಣ್ಣುಮಕ್ಕಳು ನಾಗರಪಂಚಮಿಗೆಂದು ತವರಿಗೆ ಹೋಗಿ ಜೋಕಾಲಿ ಆಡಿ ಬಂದರೆ, ನಮ್ಮ ಕಾಕಿ ಮೃಗದ ಮಳೆಗೆ ಹೋದವರು ದೀಪಾವಳಿಗೆ ಬರುತ್ತಿದ್ದರು. "ಮಾಸ್ತರ್ ಹೆಂಡ್ತಿ ತವರಮನಿಗೆ ಹೋದ್ಲಂದ್ರ ಬಿತ್ತಗಿ ಶುರು ಮಾಡ್ರಿ" ಎಂದು ಓಣಿಯವರು ನಗುತ್ತಿದ್ದರು. ಕಾಕಿಯೂ ನಗುತ್ತಿದ್ದರು, ಪೀಪಿ ಬಿಟ್ಟ ಹೊತ್ತಿನಲ್ಲಿ.

ನಾನು ಮದುವೆಯಾಗಿ ಬಂದ ವರ್ಷ ಮೊದಲ ಮಳೆಗೇ ಕಾಕಾ ಮುಚ್ಚಿದ ಕೊಡೆ ಬಗಲಲ್ಲಿಟ್ಟುಕೊಂಡು ಹೊರಬಿದ್ದರು. ಕೊಡೆ ಬಿಚ್ಚಿದರೆ ನೀರು ಬೀಳುವ ಜಾಗ ಕಾಣುವುದಿಲ್ಲವಂತೆ! ನೀರಿನ ಹಿಂದೆ ಹಿತ್ತಲಿನಿಂದ ಇಳಿದು, ಓಣಿ ದಾಟಿ, ತಗ್ಗಿನ ಮನೆಯಲ್ಲಿದ್ದ ಬೀಬಿಯ ಅಂಗಳಕ್ಕೇ ನುಗ್ಗಿದರು. ಒಳಗಿನಿಂದ ಹೆಣ್ಣುಮಕ್ಕಳ ಚೀರಾಟ, ಬಾಗಿಲು ಹಾಕಿಕೊಂಡ ಸದ್ದು. ಮುದುಕಿ ಬೀಬಿ ಕೋಲು ಹಿಡಿದೇ ಹೊರಬಂದರು.

"ಮಾಸ್ತರ್ ಸಾಬ್! ಮನ್ಯಾಗ ಹೆಣ್ಮಕ್ಕಳಿದ್ದಾರ. ಆವಾಜ್ ಕೊಟ್ಟು ಬರಬೇಕಿಲ್ಲೇನ್ರಿ?"

"ನಾ ಎಲ್ಲಿ ಬಂದೀನ್ರಿ ಬೀಬಿ? ನೀರು ಬಂದದ. ನಾ ಅದರ ಬೆನ್ನ ಹಿಂದ ಬಂದೀನಿ."

"ಹಂಗಾದ್ರ ನಿಮ್ಮ ನೀರಿಗಿ ಹೇಳ್ರಿ, ಅದೂ ಆವಾಜ್ ಕೊಟ್ಟೇ ಬರ್ಲಿ!"

ಇಷ್ಟಾದರೂ ಕಾಕಾ ಬರಿಗೈಯಲ್ಲಿ ಬರಲಿಲ್ಲ. ಮುಂದೆಂದಾದರೂ ನಮ್ಮ ನೀರು ಹೊರಗೆ ಬಿಡುವುದಾದರೆ ಅವರ ಬಾಗಿಲಿಗಲ್ಲ, ಅಂಗಳದಲ್ಲಿ ಒಣಗುತ್ತಿದ್ದ ನಿಂಬೆಗಿಡಕ್ಕೆ ಬಿಡಬಹುದೆಂದು ಬೀಬಿಯಿಂದ ಒಪ್ಪಿಗೆ ಪಡೆದೇ ಬಂದರು.

ಆ ವಾರವೇ ಕಾಕಿಯ ತಮ್ಮ ಅವರನ್ನು ಕರೆದೊಯ್ಯಲು ಬಂದ. ಮೆತ್ತಗಿನ ಮನುಷ್ಯ, ಆದರೆ ಅಕ್ಕನ ಪೀಪಿ ಕೇಳಿ ಅವನಿಗೂ ತಾಳ್ಮೆ ತಪ್ಪಿತು. "ಭಾವಾರ, ಸಿಟ್ಟಾಗಬ್ಯಾಡ್ರಿ. ಬರೋ ವರ್ಷ ಮೃಗದ ಮಳಿಗಿ ಈ ಮನಿ ಒಣಗಿರಲಿಲ್ಲಂದ್ರ ಅಕ್ಕ ನಮ್ಮನ್ಯಾಗೇ ಇರ್ತಾಳ. ತಿರುಗಿ ಕಳಸಂಗಿಲ್ಲ" ಎಂದುಬಿಟ್ಟ. ಯಾರ ಮಾತಿಗೂ ಎದುರು ಹೇಳದೆ ಬಿಡದ ಕಾಕಾ ಅಂದು ಎದ್ದು ಹೋಗಿ ಕಾಕಿಯ ಗಂಟು ಕಟ್ಟಿದರು.

ಸೇಡಂವರೆಗೆ ರೈಲು, ಅಲ್ಲಿಂದ ಬಂಡಿ. ಇಬ್ಬರನ್ನೂ ಗಾಡಿ ಹತ್ತಿಸಲು ಸ್ಟೇಷನ್ನಿಗೆ ಹೋದ ಕಾಕಾ ಮಧ್ಯಾಹ್ನವಾದರೂ ಮರಳಲಿಲ್ಲ. ಕಡೆಗೆ ಹಮಾಲನೊಬ್ಬ ತೋಯ್ದು ತೊಪ್ಪೆಯಾಗಿದ್ದ ಕಾಕಾನನ್ನು ಮನೆಗೆ ತಂದು ಬಿಟ್ಟ.

"ಗಾಡಿ ಹೋಗಿ ಎಷ್ಟೊತ್ತಾಯ್ತ್ರಿ ಅಮ್ಮಾ, ಇವರು ಮಳ್ಯಾಗ ಹಂಗೇ ನಿಂತಿದ್ರು. ಹೆಂಡ್ತಿ ಹೋದ ದಾರಿ ನೋಡಾಕತ್ತಿದ್ರು, ಪಾಪ!"

"ಥೂ, ಹೆಂಡ್ತಿ ದಾರಿ ಯಾವಾವ ನೋಡ್ತಾನ!" ಎಂದು ಕಾಕಾ ಗುಡುಗಿದರು. "ನಾ ಖಡಿ ನೋಡ್ಲಿಕತ್ತಿದ್ದೆ! ಹಳಿ ಕೆಳಗ ಖಡಿ ಹಾಸ್ಯಾರಲ್ಲ, ಮಳಿ ಬಿತ್ತು, ಬಿದ್ದದ್ದು ಬಿದ್ದಂಗೇ ಕೆಳಗಿಳದು ಹೋತು. ಒಂದು ಹನಿ ನಿಂದರಲಿಲ್ಲ! ನೀರಿಗಿ ಅಡ್ಡ ಕಟ್ಟಬಾರದವಾ, ಸಂದು ಕೊಡಬೇಕು!"

ಅಲ್ಲಿಂದ ಹಿಡಿಯಿತು ನೋಡಿ ಹೊಸ ಹುಚ್ಚು! ಹಿಂದಿನ ಗೋಡೆಯ ಉದ್ದಕ್ಕೂ, ಬುನಾದಿಗಿಂತ ಆಳವಾಗಿ ಒಂದು ಕಾಲುವೆ ತೋಡುವುದು. ಅದರ ತುಂಬ ಖಡಿ, ಅಂದರೆ ಜಲ್ಲಿಕಲ್ಲು, ಮೇಲೊಂದಿಷ್ಟು ಉಸುಕು. ಹಿತ್ತಲಿನಿಂದ ಬರುವ ನೀರು ಗೋಡೆಗೆ ತಾಗುವ ಮೊದಲೇ ಖಡಿಯ ಸಂದಿನಲ್ಲಿ ಇಳಿದು, ಇಳಿಜಾರು ಹಿಡಿದು, ಬೀಬಿಯ ನಿಂಬೆಗಿಡಕ್ಕೆ ಹೋಗಬೇಕು. ದೀಪಾವಳಿಗೆ ಕಾಕಿ ಮರಳಿ ಬಂದಾಗ ಕಾಕಾ ಅವರಿಗೆ ಊಟಕ್ಕೂ ಬಿಡದೆ ಇದನ್ನು ವಿವರಿಸಿದರು. ಬೇಸಿಗೆಯಲ್ಲಿ ತೋಡುವ ಕೆಲಸ ನಡೆಯಿತು. ಕಾಕಾನೂ ಗುದ್ದಲಿ ಹಿಡಿದರು. ಶಾಲೆಯಲ್ಲಿ ಅವರ ಅಂಗಿಯ ಬೆನ್ನ ಮೇಲೆ ಕರಿ ಮಣ್ಣು ಕಂಡು, ಮಾಸ್ತರರು ಹೊಲ ಕೊಂಡರೇ ಎಂದು ಜನ ಕೇಳುವಂತಾಯಿತು.

ಕಲ್ಲು ತುಂಬಲು ಶಹಾಬಾದಿನಿಂದ ಕಲ್ಲುಕೆಲಸದ ಉಸ್ತಾದರನ್ನು ಕರೆಸಿದೆವು. ನನ್ನ ತವರಿನ ಫರಸಿ ಹಾಸಿದವರೇ ಅವರು. ಅವರು ಕೂರಿಸಿದ ಕಲ್ಲುಗಳ ನಡುವೆ ಕೂದಲು ತೂರುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಗಣಿಯಲ್ಲಿ ಬಿದ್ದಿದ್ದ ಚೂರುಕಲ್ಲು ಬಂಡಿಯಲ್ಲಿ ಬಂದು ಬಿತ್ತು. "ಕಾಲುವಿ ತುಂಬ ಕಲ್ಲು ತುಂಬ್ರಿ" ಎಂದಷ್ಟೇ ಹೇಳಿ ಕಾಕಾ ಶಾಲೆಗೆ ಓಡಿದರು.

ಸಂಜೆ ಬಂದು ನೋಡುತ್ತಾರೆ, ಕಾಲುವೆ ಮದುವೆ ಮನೆಯ ಕಟ್ಟೆಯ ಹಾಗೆ ಥಳಥಳಿಸುತ್ತಿದೆ! ಚಪ್ಪಟೆ ಚೂರುಗಳನ್ನೆಲ್ಲ ಆರಿಸಿ, ಅಂಚು ತೀಡಿ, ಒಂದರ ಮೇಲೊಂದು ಒತ್ತೊತ್ತಾಗಿ ಕೂರಿಸಿ, ಸಂದುಸಂದಿಗೂ ಗಚ್ಚು ತುಂಬಿ ತಿಕ್ಕಿದ್ದಾರೆ ಉಸ್ತಾದರು. ಪುಣ್ಯಾತ್ಮರು ಮಧ್ಯಾಹ್ನದ ರೊಟ್ಟಿಯನ್ನೂ ನಿಂತೇ ತಿಂದಿದ್ದರು.

"ನೋಡ್ರಿ ಮಾಸ್ತರ್ ಸಾಬ್, ಒಂದು ಇರುವಿ ಹೋಗಲಿ ನೋಡೋಣು!"

ಕಾಕಾ ಒಂದು ಕೊಡ ನೀರು ತಂದು ಸುರಿದರು. ನೀರು ನಿಂತಿತು. ಪಾಠ ಬಾರದ ಹುಡುಗ ಮಾಸ್ತರರ ಮುಂದೆ ನಿಂತ ಹಾಗೆ, ಅಲ್ಲಾಡದೆ ನಿಂತಿತು.

"ಉಸ್ತಾದ್ರ, ಇರುವಿ ಸುದ್ದಿ ಬಿಡ್ರಿ, ನೀರು ಹೋಗಬೇಕಾಗಿತ್ತ್ರಿ!"

"ನೀರು ಹೋಗಬೇಕಂದ್ರ ನನ್ಯಾಕ ಕರಸಿದ್ರಿ? ನೀರು ಹೋಗಬಾರದಂತ ಜನ ನನ್ನ ಕರಸ್ತಾರ!" ಎಂದು ಉಸ್ತಾದರು ತಿರುಗಿಬಿದ್ದರು. "ಸಂದು ಬಿಟ್ಟು ಕಲ್ಲು ಹಾಕೋದು ಈ ಕೈಗೆ ಬರಂಗಿಲ್ಲ. ನಾಳೆ ಶಹಾಬಾದದಾಗ ಯಾರಿಗರೆ ಗೊತ್ತಾದ್ರ ನಾ ಮಾರಿ ಹ್ಯಾಂಗ ತೋರಸಲಿ? ಹೇಳು ಬೇಟಿ!" ಎಂದು ನನ್ನನ್ನೇ ಪಂಚಾಯಿತಿಗೆ ಎಳೆದರು.

ಇನ್ನು ಕಾಕಾ ಸೃಷ್ಟಿಯ ಆದಿಯಿಂದ ಭೂಗೋಳ ಶುರುಮಾಡುತ್ತಾರೆ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಕಾದೆ. ಆದರೆ ಕಾಕಾ ಉಸ್ತಾದರ ಪಕ್ಕ ಮಣ್ಣಿನ ಮೇಲೆಯೇ ಕುಳಿತುಕೊಂಡರು.

"ಉಸ್ತಾದ್ರ, ಈ ಗ್ವಾಡಿ ಆಚಿಗಿ ನನ್ನ ಹೆಂಡ್ತಿ ಮಲಗ್ತಾಳ. ಆಕಿಗಿ ಉಸರಾಡ್ಲಿಕ್ಕೆ ಅಷ್ಟು ಸಂದು ಬಿಡ್ರಿ."

ಅಡುಗೆಮನೆಯಲ್ಲಿ ಕಾಕಿ ಕುಟ್ಟುತ್ತಿದ್ದ ಖಾರದ ಸದ್ದು ನಿಂತಿತು. ಉಸ್ತಾದರು ತಮ್ಮ ಕೆಲಸದ ಮೇಲೊಮ್ಮೆ ಕೈಯಾಡಿಸಿ, ಸುತ್ತಿಗೆ ಎತ್ತಿ ತಾವೇ ಅದನ್ನು ಒಡೆದರು. ಚೂರುಗಳನ್ನು ಕುಟ್ಟಿ ಕೋಳಿಮೊಟ್ಟೆಯಷ್ಟು ದಪ್ಪದ ಖಡಿಯನ್ನೂ ಮಾಡಿಕೊಟ್ಟರು. ಕಾಲುವೆಗೆ ಸುರಿಯುವುದು ಮಾತ್ರ ಅವರಿಂದ ಆಗಲಿಲ್ಲ. ನಾನು, ಕಾಕಾ ಬುಟ್ಟಿಬುಟ್ಟಿಯಾಗಿ ಸುರಿಯುವಾಗ ಬೆನ್ನು ತಿರುಗಿಸಿ ಕುಳಿತು, ಪ್ರತಿ ಬುಟ್ಟಿಯ ಗಡಗಡ ಸದ್ದಿಗೂ "ತೋಬಾ! ತೋಬಾ!" ಎಂದು ಕೆನ್ನೆ ಬಡಿದುಕೊಂಡರು. ಅವರ ಸಮಾಧಾನಕ್ಕೆ ಕಾಕಾ ಅಡುಗೆಮನೆಯ ಕಟ್ಟೆಗೆ ಕಲ್ಲು ಕೂರಿಸುವ ಕೆಲಸ ಬಿಟ್ಟುಕೊಟ್ಟರು. ಅಲ್ಲಿ ಇಂದಿಗೂ ಇರುವೆ ತೂರಲಾರದು.

ಮೃಗದ ಮಳೆ ಬಂತು. ಅದೇನು ಮಳೆಯೋ, ಮಾಳಿಗೆಯೇ ಕುಸಿಯುತ್ತದೆ ಎನ್ನುವಂಥದ್ದು! ಕಾಕಾ ಹಿಂದಿನ ಕೋಣೆಯ ಫರಸಿಗೆ ಕಿವಿ ಹಚ್ಚಿ ಬೋರಲು ಮಲಗಿದರು. ನಾನು ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಷ್ಟರಲ್ಲಿ ಕೆಳಗಿನ ಓಣಿಯಿಂದ ಬೀಬಿಯ ದನಿ, ಮಳೆಯನ್ನೂ ಮೀರಿ:

"ಮಾಸ್ತರ್ ಸಾಬ್! ನಿಮ್ಮ ನೀರು ಬಂತ್ರಿ! ಜುಳುಜುಳು ಅಂತ ಆವಾಜ್ ಕೊಟ್ಟೇ ಬಂತ್ರಿ!"

ಕಾಕಾ ಎದ್ದು ಕುಣಿಯುತ್ತಾರೆ ಎಂದುಕೊಂಡೆ. ಅವರು ಏಳಲೇ ಇಲ್ಲ. ಬಾಯಿ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿದರು. ಪಕ್ಕದಲ್ಲಿ ಚಾಪೆಯ ಮೇಲೆ ಕಾಕಿಗೆ ನಿದ್ದೆ ಹತ್ತಿತ್ತು. ಹೊರಗೆ ಧೋ ಎಂದು ಮಳೆ, ಒಳಗೆ ಪೀಪಿ ಇಲ್ಲ.

ನಾಲ್ಕು ದಿನಕ್ಕೆ ಕಾಕಿಯ ತಮ್ಮ ಬಂದ. ಗೋಡೆ ಮುಟ್ಟಿದ, ಫರಸಿ ಮುಟ್ಟಿದ, ಅಕ್ಕನ ಮುಖ ನೋಡಿದ. ಕಾಕಿ ಅವನ ಮುಂದೆ ಊಟದ ತಾಟು ಇಟ್ಟು ಹೇಳಿದರು: "ಉಂಡು ಹೋಗಪ್ಪಾ. ಈ ವರ್ಷ ನಾ ಪಂಚಮಿಗಿ ಬರ್ತೀನಿ. ಎಲ್ಲಾರ ಹಂಗ." ಹೇಳುತ್ತ ಹೇಳುತ್ತ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಹಾಗೆಯೇ ಹೋದರು, ಎಲ್ಲರ ಹಾಗೆ, ಹೊಸ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು, ನಾಲ್ಕೇ ದಿನದ ಮಟ್ಟಿಗೆ. ಗಾಡಿ ಹತ್ತಿಸಲು ಕಾಕಾನ ಜೊತೆ ನಾನೂ ಹೋಗಿದ್ದೆ. ಗಾಡಿ ಹೊರಟಿತು, ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಕಾಕಾ ಕದಲಲಿಲ್ಲ. ನನಗೋ ಬಾಯಿ ಸುಮ್ಮನಿರಬೇಕಲ್ಲ!

"ಏನ್ರಿ ಕಾಕಾ, ಮತ್ತ ಖಡಿ ನೋಡ್ಲಿಕತ್ತೀರೇನ್?"

ಕಾಕಾ ತಿರುಗಲಿಲ್ಲ.

"ಇಲ್ಲವಾ. ಆಕಿ ಹೋದ ದಾರಿ ನೋಡ್ಲಿಕತ್ತೀನಿ."