ಬಲಗಡೆಯ ಅರ್ಧ ಎಂಜಿನ್ ಬಿಡುಗಡೆ ಮಾಡುವ ಬಗ್ಗೆ

ಇಂದ:
ಕಿರಿಯ ಮಗ,
ಮಿಕ್ಸಿ ಮತ್ತು ಫ್ಯಾನು ರಿಪೇರಿ ಅಂಗಡಿ.
(ಎಡಪಾಲಿನ ಹಕ್ಕುದಾರ)

ಗೆ:
ಹಿರಿಯ ಮಗನವರು,
ನಿವೃತ್ತ ಕಚೇರಿ ಅಧೀಕ್ಷಕರು, ಹಸಿರು ಗೇಟಿನ ಮನೆ.
(ಬಲಪಾಲಿನ ಹಕ್ಕುದಾರರು)

ವಿಷಯ: ದಿವಂಗತ ತಂದೆಯವರ ರೇಸಿನ ಮೋಟಾರ್ ಸೈಕಲ್ಲಿನ ಒಂಟಿ ಸಿಲಿಂಡರ್ ಎಂಜಿನ್ನನ್ನು ತಾಯಿಯವರ ಕಿವಿ ಪೂರ್ತಿ ಹೋಗುವುದರೊಳಗೆ ಒಮ್ಮೆ ಸದ್ದು ಮಾಡಿಸುವ ಸಲುವಾಗಿ, ತಮ್ಮ ವಶದಲ್ಲಿರುವ ಅರ್ಧವನ್ನು ಬಿಡುಗಡೆ ಮಾಡುವ ಕುರಿತು.

ಉಲ್ಲೇಖ: 1. "ಏನಿದ್ರೂ ಬರವಣಿಗೇಲಿ ಕೊಡು, ಬಾಯಿಮಾತಿಗೆಲ್ಲ ನಾನು ಉತ್ತರ ಕೊಡಲ್ಲ" ಎಂದು ಗೇಟಿನ ಆಚೆಯಿಂದ ತಾವು ದಯಪಾಲಿಸಿದ ಮೌಖಿಕ ಆದೇಶ.
2. ಸದರಿ ಆದೇಶ ಕೇಳಿ ಅಮ್ಮ ಆಡಿದ ಮಾತು. (ಕಾಗದದ ಮೇಲೆ ಬರೆಯುವಂಥದ್ದಲ್ಲ.)

ಮಾನ್ಯ ಅಣ್ಣನವರೇ,

ಅರ್ಜಿದಾರನು ತಮ್ಮ ಒಡಹುಟ್ಟಿದವನಾಗಿದ್ದು, ತಮಗೆ ಗಿಡ್ಡವಾದ ಚಡ್ಡಿಗಳನ್ನು ತೊಟ್ಟೇ ದೊಡ್ಡವನಾಗಿದ್ದು, ಈಗ ತಮ್ಮೊಂದಿಗೆ ಎರಡು ಮಾತಾಡಲು ಕಾಗದ ಕೊಂಡು ತರುವ ಸ್ಥಿತಿಗೆ ಬಂದಿರುತ್ತಾನೆ. ಜೀವಮಾನವೆಲ್ಲ ಕಡತ ತಿರುವಿದವರಿಗೆ ತಮ್ಮನ ಮುಖ ನೋಡುವುದಕ್ಕಿಂತ ತಮ್ಮನ ಅರ್ಜಿ ನೋಡುವುದು ಸಲೀಸು ಎಂಬುದು ಅವನಿಗೆ ಗೊತ್ತು. ಕಾರಣ, ಸಂಗತಿಗಳನ್ನು ಈ ಕೆಳಗಿನಂತೆ ನಿವೇದಿಸಿಕೊಂಡಿದ್ದಾನೆ.

1. ಅಪ್ಪ ತೀರಿಕೊಂಡ ಮೇಲೆ ಸೋದರಮಾವನ ಎದುರು ಪಾಲಿಗೆ ಕೂತಾಗ ಪಾತ್ರೆಪಗಡಿಯಿಂದ ಹಿಡಿದು ಕುರ್ಚಿಮೇಜಿನವರೆಗೆ ಎಲ್ಲವೂ ತಕರಾರಿಲ್ಲದೆ ಹಂಚಿಹೋಯಿತು. ಮೋಟಾರ್ ಸೈಕಲ್ಲಿನ ಸರದಿ ಬಂದಾಗ ಮಾತ್ರ ಇಬ್ಬರೂ ಹಟಕ್ಕೆ ಬಿದ್ದರು. "ಒಬ್ಬ ಇಟ್ಕೊಳ್ಳಿ, ಇನ್ನೊಬ್ಬ ರಜಾ ದಿನ ಓಡಿಸ್ಲಿ ಕಣ್ರೋ" ಎಂದು ಮಾವ ಗೋಗರೆದರು. ತಾವು ಒಪ್ಪಲಿಲ್ಲ. ಅರ್ಜಿದಾರ ತಮಗಿಂತ ಮೊದಲೇ ಒಪ್ಪಲಿಲ್ಲ. ಸಮಪಾಲು ಎಂದರೆ ಸಮಪಾಲೇ ಎಂದು ಅಪ್ಪಣೆ ಕೊಟ್ಟವರು ತಾವು. ಒಳಗೆ ಓಡಿಹೋಗಿ ಸ್ಪ್ಯಾನರ್ ತಂದವನು ಅವನು. ಮುಂದಿನ ಚಕ್ರ ತಮಗಾಯಿತು, ಹಿಂದಿನದು ಅವನಿಗಾಯಿತು. ಸಿಲಿಂಡರನ್ನು ಕೊಯ್ಯಲು ಬರುವುದಿಲ್ಲವಾದ್ದರಿಂದ ಚೀಟಿ ಎತ್ತಿ ಅದನ್ನು ಅವನಿಗೂ ಪೆಟ್ರೋಲ್ ಟ್ಯಾಂಕನ್ನು ತಮಗೂ ಕೊಡಲಾಯಿತು. ಉಳಿದದ್ದು ಕ್ರ್ಯಾಂಕ್‌ಕೇಸು, ಅಂದರೆ ಎಂಜಿನ್ನಿನ ಹೊಟ್ಟೆ. ಅದು ನಟ್ಟನಡುವೆ ಎಡಬಲ ಎರಡು ಹೋಳಾಗಿ ಬಿಚ್ಚಿಕೊಂಡಾಗ, ಪಾಲಿಗೆಂದೇ ಮಾಡಿಟ್ಟಂತಿದೆ ಎಂದು ಇಬ್ಬರೂ ಹಿಗ್ಗಿದರು. ಅಷ್ಟು ದಿನಗಳಲ್ಲಿ ಅಣ್ಣತಮ್ಮ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

2. ಅಮ್ಮನನ್ನು ಬಿಚ್ಚಲು ಸರಿಹೊಂದುವ ಸ್ಪ್ಯಾನರ್ ದೊರೆಯದ ಕಾರಣ, ಅವರನ್ನು ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದು ಹಂಚಿಕೊಳ್ಳಲಾಯಿತು. ಈ ಬಗ್ಗೆ ಅವರ ಅಭಿಪ್ರಾಯ ಕೇಳಿದ್ದಕ್ಕೆ ಯಾವುದೇ ದಾಖಲೆ ಇರುವುದಿಲ್ಲ.

3. ಹೀಗಿರುವಲ್ಲಿ ಅಮ್ಮನ ಒಂದು ಕಿವಿ ಹೋಗಿದ್ದು, ಇನ್ನೊಂದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ತಿಳಿಸಿರುತ್ತಾರೆ. ಅಳುವುದಿರಲಿ, ಅವರು ಮುಖವನ್ನೂ ಸಣ್ಣ ಮಾಡಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ ಹೇಳಿದ್ದಿಷ್ಟು: "ನಿಮ್ಮಪ್ಪ ಬೀದಿ ತುದೀಲಿ ತಿರುಗೋವಾಗ್ಲೇ ಆ ಗಾಡಿ ಸದ್ದು ಕೇಳ್ತಿತ್ತು. ಸದ್ದು ಕೇಳಿ ಒಲೆ ಮೇಲೆ ನೀರಿಡ್ತಿದ್ದೆ. ಕಿವಿ ಪೂರ್ತಿ ಹೋಗೋಕೆ ಮುಂಚೆ ಒಂದೇ ಒಂದ್ಸಲ ಕೇಳಿಸ್ಬಿಡ್ರಪ್ಪ." ಅವರು ಬಹುವಚನದಲ್ಲಿ ಕೇಳಿದರು ಎಂಬುದನ್ನು ತಾವು ದಯಮಾಡಿ ಗಮನಿಸಬೇಕು. ಅರ್ಜಿದಾರ ಅಂದು ಗಮನಿಸಲಿಲ್ಲ. ತಾನೊಬ್ಬನೇ ಮಾಡಿ ತೋರಿಸಿ ತಮ್ಮ ಮೂಗು ಕೊಯ್ಯಬೇಕೆಂದು ಹೊರಟ.

4. ಅಗ್ಗದಲ್ಲಿ ಎಂಜಿನ್ ಕಟ್ಟಲು ಅವನು ಕೈಗೊಂಡ ಕ್ರಮಗಳು: ಸವೆದ ಪಿಸ್ಟನ್ನಿನ ಬದಲಿಗೆ ನೀರೆತ್ತುವ ಪಂಪಿನ ಪಿಸ್ಟನ್ ತಂದು ಅದರ ತಲೆ ಹೆರೆಸಿದ. ಟ್ರಾಕ್ಟರಿನ ವಾಲ್ವನ್ನು ಸಣ್ಣ ಮಾಡಿಸಿ ಕೂರಿಸಿದ. ಬೇರಿಂಗನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಎಡಪಾಲನ್ನು ಅಡುಗೆ ಒಲೆಯ ಮೇಲೆ ಬಿಸಿ ಮಾಡಿದ. ಬಿಸಿಯಾದದ್ದು ಹಿಗ್ಗುತ್ತದೆ, ತಣ್ಣಗಿರುವುದು ಕುಗ್ಗುತ್ತದೆ, ಒಂದರೊಳಗೊಂದು ಸುತ್ತಿಗೆಯೇಟಿಲ್ಲದೆ ಕೂರುತ್ತದೆ. ತಾವೂ ಅರ್ಜಿದಾರನೂ ಯಾವಾಗಲೂ ಒಟ್ಟಿಗೇ ಬಿಸಿಯಾಗುವುದರಿಂದ ಈ ವಿಧಾನ ನಮ್ಮ ಮನೆತನಕ್ಕೆ ಒಗ್ಗಿಬಂದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಅವನು ಬಲ್ಲ. ಆದರೆ ಹಾಸಿಗೆಯ ಮೇಲೂ ಸಿಲಿಂಡರ್ ಬಂದು ಮಲಗಿದ ಕಾರಣ ಚಾಚಲು ಜಾಗ ಉಳಿಯಲಿಲ್ಲ. ಅವನ ಹೆಂಡತಿ ಲಿಖಿತ ನೋಟಿಸು ಕೊಡದೆ ನೇರವಾಗಿಯೇ ಹೇಳಿದಳು: "ಮನೇಲಿರೋದನ್ನೆಲ್ಲ ಒಂದೊಂದಾಗಿ ಅದರ ಹೊಟ್ಟೆಗೆ ಹಾಕಿ, ಖರ್ಚೇ ಆಗಿಲ್ಲ ಅಂತೀರಲ್ರೀ. ನಾಳೆ ನಾನು ಕಾಣ್ಲಿಲ್ಲ ಅಂದ್ರೆ ಅದರೊಳಗೇ ಹುಡುಕಿ."

5. ಬಲಪಾಲಿಗಾಗಿ ತಮ್ಮ ಬಾಗಿಲಿಗೆ ಬರುವುದಕ್ಕಿಂತ ಗುಜರಿ ಅಂಗಡಿಗೆ ಹೋಗುವುದು ಮಾನವೆಂದು ತಿಳಿದು, ಅವನು ಅಲ್ಲಿಂದ ಅದೇ ತಯಾರಿಕೆಯ ಬೇರೊಂದು ಎಂಜಿನ್ನಿನ ಬಲ ಅರ್ಧವನ್ನು ತಂದ. ನೋಡಲು ಅವಳಿಜವಳಿ. ಬೋಲ್ಟ್ ಬಿಗಿದ ಮೇಲೆ ಒಳಗಿನ ಕ್ರ್ಯಾಂಕು, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಅರ್ಧ ಸುತ್ತು ತಿರುಗಿ, ಹೊಸ ಅಳಿಯನಂತೆ ಬಿಗಿದುಕೊಂಡು ಕೂತಿತು. ಅವನು ಎರಡನ್ನೂ ಹೊತ್ತು ಲೇತ್‌ನವನ ಬಳಿ ಹೋದ. ಲೇತ್‌ನವನು ಕನ್ನಡಕ ಏರಿಸಿ ನೋಡಿ, "ಇವು ಜೊತೆಗೆ ಹುಟ್ಟಿದ್ದಲ್ಲ ಸ್ವಾಮಿ. ಕಾರ್ಖಾನೇಲಿ ಎರಡು ಹೋಳನ್ನ ಮೊದಲು ಸೇರಿಸಿ ಬಿಗೀತಾರೆ, ಆಮೇಲೆ ಒಂದೇ ಸಲಕ್ಕೆ ಈ ಕಡೆಯಿಂದ ಆ ಕಡೆವರೆಗೂ ಕೊರೀತಾರೆ. ಅದಕ್ಕೇ ಎರಡರ ಮೇಲೂ ಒಂದೇ ನಂಬರು ಹೊಡೆದಿರೋದು. ಬೇರೇದರ ಜೊತೆ ಇದು ಸಂಸಾರ ಮಾಡಲ್ಲ" ಎಂದ.

6. ಅಷ್ಟಕ್ಕೇ ಬಿಟ್ಟಿದ್ದರೆ ಅರ್ಜಿದಾರ ಸೋತು ಸುಮ್ಮನಾಗುತ್ತಿದ್ದ. ಆದರೆ ಲೇತ್‌ನವನು ನಗು ತಡೆಯಲಾರದೆ ಮುಂದುವರಿಸಿದ: "ಹೋದ ತಿಂಗಳು ನಿಮ್ಮಣ್ಣನೂ ಬಂದಿದ್ರು. ಅವರದ್ದು ಬಲಗಡೇದು, ಗುಜರಿಯಿಂದ ಎಡಗಡೇದು ತಂದಿದ್ರು. ತಮ್ಮಂಗೆ ಹೇಳ್ಬೇಡಪ್ಪ ಅಂದಿದ್ರು. ನೀವು ಈಗ ತಂದಿದೀರಲ್ಲ, ಅವರು ತಂದಿದ್ರಲ್ಲ, ಅವೆರಡೂ ಒಂದೇ ನಂಬರು." ಅಂದರೆ ಗುಜರಿಯವನು ಒಂದೇ ಎಂಜಿನ್ನನ್ನು ಬಿಡಿಸಿ ಅರ್ಧ ಅಣ್ಣನಿಗೂ ಅರ್ಧ ತಮ್ಮನಿಗೂ ಮಾರಿದ್ದಾನೆ. ಪಾಲು ಮಾಡುವ ವಿದ್ಯೆಯನ್ನು ಅವನು ನಮ್ಮಿಂದಲೇ ಕಲಿತಿರಬೇಕು. ಸದ್ಯದ ಸ್ಥಿತಿ ಏನೆಂದರೆ, ನಮ್ಮಿಬ್ಬರ ಮನೆಗಳಲ್ಲಿ ಸೇರಿ ಎರಡು ಪೂರ್ತಿ ಕ್ರ್ಯಾಂಕ್‌ಕೇಸುಗಳಿದ್ದು, ತಿರುಗುವಂಥದ್ದು ಒಂದೂ ಇಲ್ಲ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅರ್ಜಿದಾರನೂ ನಕ್ಕ. ಮನೆಯ ದಾರಿಯಲ್ಲಿ ಅವನಿಗೆ ನಾಚಿಕೆಯಾಯಿತು. ಅಮ್ಮ ಅಲ್ಲಿನ ತಿಂಗಳಲ್ಲಿ ಅಣ್ಣನನ್ನೂ ಇದನ್ನೇ ಕೇಳಿರಬೇಕು, ಅಣ್ಣನೂ ತನ್ನ ಹಾಗೆಯೇ ಕದ್ದುಮುಚ್ಚಿ ಅವರಿಗಾಗಿ ಒದ್ದಾಡಿದ್ದಾನೆ ಎಂದು ಹೊಳೆದು, ಹೋಳುಗಳನ್ನು ದಾರಿಬದಿಗೆ ಇಳಿಸಿ ಅಲ್ಲೇ ಕೂತ. ಇದಕ್ಕೆ ಕಚೇರಿ ಭಾಷೆಯಲ್ಲಿ ಏನೆನ್ನುತ್ತಾರೋ ಅವನಿಗೆ ತಿಳಿಯದು.

7. ಇದನ್ನೆಲ್ಲ ಅಮ್ಮನ ಉಳಿದ ಕಿವಿಗೆ ಕೂಗಿ ಹೇಳಿದ್ದಾಯಿತು. ಅವರು ಕೇಳಿ, ಬಟ್ಟೆಯ ಗಂಟು ಕಟ್ಟಿಕೊಂಡು ಎದ್ದರು. "ಆ ಎರಡು ಹೋಳು ಯಾವ ಮನೇಲಿ ಕೂಡುತ್ತೋ ಆ ಮನೇಲಿ ನಾನಿರ್ತೀನಿ. ಕೂಡೋವರೆಗೂ ಇಬ್ಬರ ಮನೇನೂ ಬೇಡ" ಎಂದರು. ತಮ್ಮ ಮುಂಬಾಗಿಲಿನ ಚಿಲಕ ಕೆಟ್ಟಿದ್ದು, ಗಾಳಿಗೆ ತೆರೆಯದಿರಲೆಂದು ಅತ್ತಿಗೆಯವರು ಅಪ್ಪನ ಎಂಜಿನ್ನಿನ ಬಲಪಾಲನ್ನೇ ಒಳಗಿನಿಂದ ಒತ್ತಾಗಿ ಇಟ್ಟಿದ್ದಾರೆ ಎಂಬುದೂ ಅಮ್ಮನಿಂದಲೇ ತಿಳಿದುಬಂತು.

ಆದ್ದರಿಂದ ಮತ್ತು ಮೇಲ್ಕಂಡ ಕಾರಣಗಳಿಂದ, ತಾವು ಬಲಪಾಲನ್ನು ಬಿಡುಗಡೆ ಮಾಡಬೇಕಾಗಿ ಕೋರಿಕೆ. ಹಾಗೆ ಮಾಡಲು ತಮ್ಮ ಗೌರವ ಅಡ್ಡಬಂದಲ್ಲಿ, ಅರ್ಜಿದಾರನ ಎಡಪಾಲು, ಸಿಲಿಂಡರ್ ಹಾಗೂ ಪಂಪಿನ ಪಿಸ್ಟನ್ನನ್ನು ತಾವೇ ಇಟ್ಟುಕೊಂಡು, ತಮ್ಮ ಅಂಗಳದಲ್ಲೇ ಎಂಜಿನ್ ಕಟ್ಟಬಹುದು. ಅವನು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಲ್ಲಲು ಸಿದ್ಧನಿದ್ದಾನೆ. ಗುಜರಿಯ ಜೋಡಿಯನ್ನು ಮಾತ್ರ ಇನ್ನು ಮುಂದೆ ಯಾರೂ ಪಾಲು ಮಾಡತಕ್ಕದ್ದಲ್ಲ.

ಇಂತಿ, ತಮ್ಮಲ್ಲಿ ಇನ್ನೂ ವಿಶ್ವಾಸವಿಟ್ಟಿರುವ,
ತಮ್ಮ

ಲಗತ್ತುಗಳು:
1. ಎಡಪಾಲು, ಬೇರಿಂಗ್ ಸಹಿತ, ಗೋಣಿಚೀಲದಲ್ಲಿ.
2. ಸಿಲಿಂಡರ್ ಮತ್ತು ಪಿಸ್ಟನ್.
3. ಅಮ್ಮ, ಬಟ್ಟೆಯ ಗಂಟಿನ ಸಮೇತ.

ವಿಶೇಷ ಸೂಚನೆ: ಈ ಅರ್ಜಿಯನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಲಾಗಿದೆ. ಲಗತ್ತುಗಳು ಹಾಗೆ ತೂರದ ಕಾರಣ ಅರ್ಜಿದಾರನೊಂದಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿವೆ. ಮೂರನೆಯ ಲಗತ್ತಿಗೆ ಬಿಸಿಲು ಹತ್ತುತ್ತಿದೆ. ಬಾಗಿಲು ತೆಗೆಯಬೇಕಾದರೆ ತಾವು ಹೇಗೂ ಬಲಪಾಲನ್ನು ಕೈಗೆತ್ತಿಕೊಳ್ಳಲೇಬೇಕು. ಎತ್ತಿಕೊಂಡದ್ದನ್ನು ಕೆಳಗಿಡದೆ ಹಾಗೆಯೇ ಹೊರಗೆ ತರಬೇಕಾಗಿ ವಿನಂತಿ.