ಸಾಹೇಬರಿಗೆ ಇನ್ನೂ ಚಾರ್ಜು ಆಗಬೇಕು

ನಮ್ಮ ಸೋದರಮಾವ ಹೆಂಡತಿಯನ್ನು 'ಏನೇ' ಎಂದು ಕರೆಯುತ್ತಿದ್ದರು. ಪಿಕಪ್ ವ್ಯಾನನ್ನು ಮಾತ್ರ 'ಸಾಹೇಬರು' ಎನ್ನುತ್ತಿದ್ದರು! ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಮಂಡಿ ಮೊಹಲ್ಲಾದಲ್ಲಿ ಮಾವನಿಗೆ ಮದುವೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಹೊತ್ತು ಸಾಹೇಬರು ಊರಿನ ಛತ್ರಗಳಿಗೆಲ್ಲ ದಯಮಾಡಿಸುತ್ತಿದ್ದರು. ಅವರು ಬಂದದ್ದು ಎರಡು ಬೀದಿ ಆಚೆಯಿಂದಲೇ ಗೊತ್ತಾಗುತ್ತಿತ್ತು. ಕೇಳುತ್ತಿರುವುದು ಪಾತ್ರೆಗಳ ಸದ್ದೋ ಎಂಜಿನ್ನಿನ ಸದ್ದೋ ಎಂಬುದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಾಹೇಬರಿಗೆ ಕಾಯಿಲೆ ಬಂದರೆ ಮಾವ ಬೇರೆ ಡಾಕ್ಟರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸಣ್ಣ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿಕೊಂಡಿದ್ದರು. ಆ ತಂತಿಗಳನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿಸುವುದು. ಬಲ್ಬು ಉರಿದರೆ ಕರೆಂಟು ಹರಿಯುತ್ತಿದೆ, ಉರಿಯದಿದ್ದರೆ ಇಲ್ಲ. ಇದಕ್ಕೆ ಅವರು ಇಟ್ಟ ಹೆಸರು ನಾಡಿ ನೋಡುವುದು. ನಾಡಿ ನೋಡುವಾಗ ಬೀದಿಯವರು ಯಾರೂ ಸದ್ದು ಮಾಡಕೂಡದು. ಒಮ್ಮೆ ಅತ್ತೆ ಒಗ್ಗರಣೆ ಹಾಕಿದ ಚುಂಯ್ ಸದ್ದಿಗೇ ರೇಗಿಬಿಟ್ಟರು.

"ಏನೇ, ಸಾಹೇಬ್ರು ಹುಷಾರಿಲ್ದೆ ಮಲಗವ್ರೆ, ನಿಂಗೆ ಒಗ್ಗರಣೆ ಹೆಚ್ಚಾಯ್ತಾ?"

"ಅವರ್ಗೂ ಒಂದ್ಲೋಟ ಮೆಣಸಿನ ಸಾರು ಕೊಡ್ಲಾ?" ಎಂದು ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು.

ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಮಾವನ ಮನೆಯಲ್ಲೇ ಇದ್ದೆವು. ಬೇರೆ ಹುಡುಗಿಯರು ರಂಗೋಲಿ ಕಲಿಯುವ ವಯಸ್ಸಿನಲ್ಲಿ ಮಾವ ನನಗೆ ಸ್ಟಿಯರಿಂಗಿನ ಮುಂದಿದ್ದ ಚಾರ್ಜಿನ ಮೀಟರು ಓದಲು ಕಲಿಸಿದರು. "ಮುಳ್ಳು ಬಲಕ್ಕೆ ವಾಲಿದ್ರೆ ಸಾಹೇಬ್ರು ಉಣ್ತಾವ್ರೆ, ಎಡಕ್ಕೆ ವಾಲಿದ್ರೆ ಸೊರಗ್ತಾವ್ರೆ, ಉಂಡು ಉಂಡು ನಡುವೆ ಬಂದು ನಿಂತ್ರೆ ಹೊಟ್ಟೆ ತುಂಬೈತೆ ಅಂತ ತಿಳ್ಕೊ." ಇಡೀ ಮೊಹಲ್ಲಾದಲ್ಲಿ ಈ ವಿದ್ಯೆ ಬಲ್ಲ ಹುಡುಗಿ ನಾನೊಬ್ಬಳೇ ಎಂಬ ಜಂಬ ನನಗೆ ಇವತ್ತಿಗೂ ಇದೆ!

ನನ್ನ ಮದುವೆ ಗೊತ್ತಾಯಿತು. ಗಂಡಿನ ಮನೆ ಪಕ್ಕದ ದೇವರಾಜ ಮೊಹಲ್ಲಾ. ಅಲ್ಲಿಗೆ ಗಾಡಿ ಏಕೆ ಬೇಕು ಹೇಳಿ? ಆದರೆ ಮಾವ ಬೀಗರಿಗೆ ಮಾತು ಕೊಟ್ಟು ಬಂದಿದ್ದರು: "ನಮ್ಮುಡ್ಗಿ ಸಾಹೇಬ್ರ ಜೊತೇಲೇ ಬತ್ತಾಳೆ." ನನ್ನ ಧಾರೆ ಸೀರೆಯನ್ನೇ ಬಣ್ಣದಂಗಡಿಗೆ ಒಯ್ದು, ಅದರ ಸೆರಗಿಗೆ ಹೊಂದುವ ಗಿಣಿ ಹಸಿರು ಬಣ್ಣ ತಂದರು. ಎಲ್ಲೂ ಒಂದು ಚೂರು ತುಕ್ಕು ಕಾಣಬಾರದೆಂದು ಒಂದೊಂದು ಬೋಲ್ಟನ್ನೂ ಬಿಚ್ಚಿ, ಅದರಡಿಗೂ ಬಣ್ಣ ಬಳಿದು, ಮತ್ತೆ ಬಿಗಿದರು. ಬೋಲ್ಟಿನ ಅಡಿಗೆ ಯಾರು ಇಣುಕಿ ನೋಡುತ್ತಾರೋ, ದೇವರೇ ಬಲ್ಲ!

ಅಲ್ಲಿಂದ ಶುರುವಾಯಿತು ನೋಡಿ. ಬಟನ್ ಒತ್ತಿದರೆ ಸಾಹೇಬರು 'ಟಿಕ್' ಎಂದು ಸುಮ್ಮನಾಗುತ್ತಿದ್ದರು. ಮಾವ ಬ್ಯಾಟರಿಯನ್ನು ಅಂಗಡಿಗೆ ಹೊತ್ತು ಚಾರ್ಜು ಮಾಡಿಸಿ ತಂದರು. ಟಿಕ್! ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋ ಬಿಚ್ಚಿ ಉಜ್ಜಿ ಕೂರಿಸಿದರು. ಟಿಕ್! ಅತ್ತೆ ಮೆಣಸಿನಕಾಯಿ ನಿವಾಳಿಸಿ ಸಾಹೇಬರಿಗೆ ದೃಷ್ಟಿ ತೆಗೆದರು. ಕೆಮ್ಮು ಬಂದದ್ದು ನಮಗೆ. ಎಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ, ತಳ್ಳಿ, ಮದುವೆಯ ಪಾತ್ರೆಗಳನ್ನು ಹೇಗೋ ಛತ್ರಕ್ಕೆ ಮುಟ್ಟಿಸಿದ್ದಾಯಿತು.

ಮದುವೆ ಮುಗಿದು ಹೆಣ್ಣೊಪ್ಪಿಸುವ ಶಾಸ್ತ್ರವೂ ಆಯಿತು. ಹೊರಡುವ ಹೊತ್ತಿಗೆಂದು ಮಾವ ಬ್ಯಾಟರಿಗೆ ಮತ್ತೊಮ್ಮೆ ಚಾರ್ಜು ಮಾಡಿಸಿದ್ದರು. ನಾನು ಗಾಡಿಯಲ್ಲಿ ಕೂತೆ. ಮಾವ ಬಟನ್ ಒತ್ತಿದರು. ಟಿಕ್! ಹ್ಯಾಂಡಲ್ಲಾದರೂ ಇದೆಯೇ? ಬೀಗರ ಮುಂದೆ ಅದನ್ನು ತಿರುಗಿಸುವುದು ಅವಮಾನ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದರು!

ಗಂಡಿನ ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತ ಹತ್ತಿರ ಬಂದರು. "ಏನ್ ಯಜಮಾನ್ರೇ, ಜಟಕಾ ಕರೆಸ್ಲಾ? ಇಲ್ಲಾ ಮದುಮಗಳನ್ನೇ ಇಳಿಸಿ ತಳ್ಳಿಸ್ತೀರಾ?"

ಎಲ್ಲರೂ ಘೊಳ್ಳೆಂದು ನಕ್ಕರು. ಮಾವನ ಮುಖ ಸಣ್ಣಗಾಯಿತು. ತಂದೆಯಿಲ್ಲದ ಹುಡುಗಿಯನ್ನು ಯಾರೂ ಬೆರಳು ತೋರಿಸದ ಹಾಗೆ ಕಳಿಸಿಕೊಡಬೇಕು ಎಂಬುದೊಂದೇ ಅವರ ಆಸೆಯಾಗಿತ್ತು.

"ಒಸಿ ತಡೀರಿ ಬೀಗ್ರೇ" ಎಂದ ಮಾವ ಜರಿ ಪಂಚೆಯನ್ನು ಎತ್ತಿ ಕಟ್ಟಿದರು. ಜೇಬಿನಿಂದ ಬಲ್ಬು ಹೊರಬಂತು. ಮದುವೆಯ ಜುಬ್ಬದಲ್ಲೂ ಅದನ್ನು ಇಟ್ಟುಕೊಂಡಿದ್ದರು! ತಂತಿಗಳನ್ನು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರು. ಬಲ್ಬು ಜಗ್ಗನೆ ಉರಿಯಿತು. ಒಂದು ತಂತಿಯನ್ನು ಬ್ಯಾಟರಿಯಲ್ಲೇ ಬಿಟ್ಟು ಇನ್ನೊಂದನ್ನು ಎಂಜಿನ್ನಿನ ಮೈಗೆ ಮುಟ್ಟಿಸಿದರು. ಬಲ್ಬು ಉರಿಯಲಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡರು.

ಬ್ಯಾಟರಿಯ ಒಂದು ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಕರೆಂಟು ಹಿಂದಿರುಗುವ ದಾರಿ ಅದು. ಮಾವ ಅದರಡಿಗೂ ಗಿಣಿ ಹಸಿರು ಬಳಿದಿದ್ದರು! ಬಣ್ಣದ ಮೂಲಕ ಕರೆಂಟು ಹರಿದೀತೇ? ನನ್ನ ಮೇಲಿನ ಅಕ್ಕರೆಯೇ ಸಾಹೇಬರ ದಾರಿ ಕಟ್ಟಿಬಿಟ್ಟಿತ್ತು.

ಮಾವ ಆ ಬೋಲ್ಟನ್ನು ಬಿಚ್ಚಿದರು. ಬೀಗರ ತಾಂಬೂಲದ ತಟ್ಟೆಯಿಂದಲೇ ಅಡಕತ್ತರಿ ಎತ್ತಿಕೊಂಡು, ಕಬ್ಬಿಣ ಹೊಳೆಯುವವರೆಗೆ ಬಣ್ಣ ಕೆರೆದರು. ಬೋಲ್ಟು ಬಿಗಿದು ಬಟನ್ ಒತ್ತಿದರು. ಸಾಹೇಬರು ಗುಡುಗಿದರು ನೋಡಿ, ವಾಲಗದವರು ಬೆಚ್ಚಿ ಊದುವುದನ್ನೇ ಮರೆತರು! ಮಾವ ಅಡಕತ್ತರಿಯನ್ನು ಪಂಚೆಗೆ ಒರೆಸಿ ಗಂಡಿನ ದೊಡ್ಡಪ್ಪನ ಕೈಗಿಟ್ಟರು. "ತಕ್ಕಳಿ, ಇನ್ನು ಅಡಿಕೆ ಕತ್ತರಿಸ್ಕಳಿ." ಮದುಮಗಳು ತಲೆ ತಗ್ಗಿಸಿ ಕೂರಬೇಕು ಎನ್ನುತ್ತಾರೆ. ನಾನು ಆ ದಾರಿಯುದ್ದಕ್ಕೂ ತಲೆ ಎತ್ತಿಯೇ ಕೂತಿದ್ದೆ.

ಗಂಡನ ಮನೆಯಲ್ಲಿ ಆರತಿ ಎತ್ತಿದರು, ಹಾಲು ಹಣ್ಣು ಕೊಟ್ಟರು, ಬಂದವರೆಲ್ಲ ಹೊರಟರು. ಹೊರಗೆ ಗುಡುಗುಡು ಸದ್ದು ಮಾತ್ರ ನಿಂತಿರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಸಾಹೇಬರು ಅಲ್ಲೇ ಇದ್ದರು. ಮಾವ ಸ್ಟಿಯರಿಂಗ್ ಹಿಡಿದು ಕೂತಿದ್ದರು.

"ಮಾವ, ಹೊರಡ್ಲಿಲ್ವಾ?"

"ಸಾಹೇಬ್ರಿಗೆ ಇನ್ನೂ ಚಾರ್ಜು ಆಗ್ಬೇಕು ಕಣಮ್ಮ" ಎಂದರು, ಮುಖವನ್ನು ಆಚೆ ತಿರುಗಿಸಿಕೊಂಡು.

ಕಿಟಕಿಯೊಳಗೆ ಬಗ್ಗಿ ಮೀಟರು ನೋಡಿದೆ. ಮುಳ್ಳು ನಟ್ಟನಡುವೆ ನಿಂತಿತ್ತು. ಸಾಹೇಬರ ಹೊಟ್ಟೆ ತುಂಬಿಹೋಗಿತ್ತು. ನನಗೆ ಓದಲು ಕಲಿಸಿದವರಿಗೆ ಅದು ಕಾಣಲಿಲ್ಲವೇ? ಕಣ್ಣು ತುಂಬಿ ಬಂತು. ಬಾಗಿಲು ತೆಗೆದು ಅವರ ಪಕ್ಕ ಹತ್ತಿ ಕೂತೆ.

"ಹೌದು ಮಾವ, ಇನ್ನೂ ಆಗಿಲ್ಲ. ಇನ್ನೊಂಚೂರು ಇರಿ" ಎಂದೆ.